ಗೃಹಸ್ಥನ ಲೆಕ್ಕ: ಬೆಂಗಳೂರಿನಲ್ಲಿ ಬಾಡಿಗೆಯ ಮನೆ

ಹೋದ ತಿಂಗಳ ಸಂಚಿಕೆಯಲ್ಲಿ ಸಂಸಾರದ ಆಯವ್ಯಯಗಳನ್ನು ಕುರಿತು ಈ ಪುಟದಲ್ಲಿ ನಾಲ್ಕು ಮಾತುಗಳನ್ನು ಬರೆದಿದ್ದೆವಷ್ಟೆ. ಅದನ್ನು ಓದಿದ ಹಾಸನದ ಸೀಮೆಯ ವಾಚಕಮಹಾಶಯರೊಬ್ಬರು ದೀರ್ಘವಾದ ಪತ್ರವೊಂದನ್ನು ಕಳುಹಿಸಿರುವರು. ಅವರ ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ ದೊರೆತಿದೆ. ತಿಂಗಳಿಗೆ ಕೈಗೆ ಬರುವುದು ೪೮,೦೦೦ ರೂಪಾಯಿ. ವಿವಾಹವಾಗಿ ಒಂದು ವರ್ಷ. ಸೊಸೆ ಐದು ತಿಂಗಳ ಗರ್ಭಿಣಿ. ಎರಡು ಮಲಗುವ ಕೋಣೆಗಳುಳ್ಳ ಮನೆಗೆ ೨೫,೦೦೦ ರೂಪಾಯಿ ಬಾಡಿಗೆಯೆಂದೂ, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಒಟ್ಟಿಗೆ ಇಡಬೇಕೆಂದೂ ಮನೆಯ ಯಜಮಾನರು ಹೇಳಿದರಂತೆ. ಆ ಎರಡೂವರೆ ಲಕ್ಷಕ್ಕಾಗಿ ಮನೆಯಾಕೆಯ ಬಳೆಗಳನ್ನು ಒತ್ತೆಯಿಡುವುದೋ, ಮಗನನ್ನು ಊರಿಗೇ ಹಿಂದಿರುಗಿಸಿಕೊಳ್ಳುವುದೋ ತಿಳಿಯದೆ ಅವರು ಕಂಗೆಟ್ಟಿರುವರು. ಈ ಬಾಡಿಗೆ ಇಷ್ಟು ಏಕೆ, ಇದನ್ನು ಕೇಳತಕ್ಕವರಾರೂ ಇಲ್ಲವೆ, ಸಾಲಮಾಡಿ ಮನೆಯನ್ನೇ ಕೊಂಡುಬಿಟ್ಟರೆ ಆಗದೆ, ಎಂದು ಮೂರು ಪ್ರಶ್ನೆಗಳನ್ನು ಅವರು ಕೇಳಿರುತ್ತಾರೆ. ಇವು ಅವರೊಬ್ಬರ ಪ್ರಶ್ನೆಗಳಲ್ಲವಾದುದರಿಂದ ಈ ತಿಂಗಳ ಪುಟವನ್ನೆಲ್ಲ ಇದಕ್ಕೇ ಮೀಸಲಿಡುವುದು ಯುಕ್ತವೆಂದು ತೋರಿತು.

ಮೊದಲು ಲೆಕ್ಕ. ಇಪ್ಪತ್ತೈದು ಸಾವಿರವೆಂಬುದು ಬಾಯಿಮಾತಿನ ಬಾಡಿಗೆಯೇ ಹೊರತು ನಿಜವಾದ ಬಾಡಿಗೆಯಲ್ಲ. ಎರಡೂವರೆ ಲಕ್ಷವನ್ನು ಒಡವೆಯ ಮೇಲೆ ನೂರಕ್ಕೆ ಒಂಬತ್ತರ ಬಡ್ಡಿಗೆ ತಂದರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ೨೨,೫೦೦, ತಿಂಗಳಿಗೆ ೧,೮೭೫ ರೂಪಾಯಿ ಬಡ್ಡಿಯಾಯಿತು. ಮನೆಯನ್ನು ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಎರಡು ವರ್ಷ ವಾಸಮಾಡಿದರೆ ತಿಂಗಳಿಗೆ ೧,೦೪೨ ಆ ಬಾಬಿಗೆ ಬೀಳುತ್ತದೆ. ಮನೆಯನ್ನು ತೋರಿಸಿದ ದಳ್ಳಾಳಿಗೆ ಒಂದು ತಿಂಗಳ ಬಾಡಿಗೆಯನ್ನು ತೆತ್ತರೆ ಅದೂ ೧,೦೪೨. ವಸತಿ ಸಮುಚ್ಚಯವಾದರೆ ಕಾವಲುಗಾರ, ಲಿಫ್ಟು, ನೀರಿನ ಪಂಪು ಇವುಗಳಿಗೆ ೨,೫೦೦ ಆದರೂ ಬೇಕು. ಎಲ್ಲವನ್ನೂ ಕೂಡಿದರೆ ೩೧,೪೫೯ ರೂಪಾಯಿ. ಹುಡುಗನ ಕೈಯಲ್ಲಿ ಉಳಿಯುವುದು ೧೬,೫೪೧. ಅಷ್ಟರಲ್ಲಿ ಅಕ್ಕಿ, ಬೇಳೆ, ಹಾಲು, ಅಡುಗೆಯ ಅನಿಲ, ವಿದ್ಯುತ್ತು, ಬಸ್ಸು, ವೈದ್ಯರು, ಕೊನೆಗೆ ಹುಟ್ಟಲಿರುವ ಕೂಸು, ಎಲ್ಲವೂ ನಡೆಯಬೇಕು. ಒಡವೆಯ ಅಸಲನ್ನು ತೀರಿಸುವ ಮಾತನ್ನು ನಾವಿನ್ನೂ ಎತ್ತಿಯೇ ಇಲ್ಲ!

ಆದಾಯದಲ್ಲಿ ಎಷ್ಟು ಪಾಲನ್ನು ವಾಸಕ್ಕೆ ವೆಚ್ಚಮಾಡಬಹುದೆಂಬುದಕ್ಕೆ ಹೊರದೇಶಗಳಲ್ಲಿ ಒಂದು ಕಟ್ಟಳೆಯುಂಟು. ಅಮೇರಿಕಾ ದೇಶದಲ್ಲಿ ಸರ್ಕಾರದ ಮನೆಗಳಲ್ಲಿ ವಾಸಿಸುವ ಬಡವರಿಂದ ಆದಾಯದ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಬಾಡಿಗೆಯನ್ನು ತೆಗೆದುಕೊಳ್ಳಬಾರದೆಂದು ೧೯೬೯ರಲ್ಲಿ ಶಾಸನವಾಯಿತು. ೧೯೮೧ರಲ್ಲಿ ಅದನ್ನು ನೂರಕ್ಕೆ ಮೂವತ್ತಕ್ಕೆ ಏರಿಸಿದರು. ಆ ಮೂವತ್ತೇ ಈಗ ಲೋಕದಲ್ಲೆಲ್ಲ ಮಂತ್ರದಂತೆ ಹಬ್ಬಿರುವುದು. ಅದರ ಪ್ರಕಾರ ನಮ್ಮ ವಾಚಕರ ಮಗನಿಗೆ ೧೪,೪೦೦ ರೂಪಾಯಿಯ ಮನೆಯೇ ತಕ್ಕದ್ದು. ಆದರೆ ಈ ನೂರರ ಲೆಕ್ಕವನ್ನು ನಾವು ಪೂರ್ಣವಾಗಿ ನಂಬುವವರಲ್ಲ. ಎರಡು ಲಕ್ಷ ಬರುವವನು ಅರ್ಧವನ್ನು ಬಾಡಿಗೆಗೆ ಕೊಟ್ಟರೂ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. ಇಪ್ಪತ್ತು ಸಾವಿರ ಬರುವವನು ನೂರಕ್ಕೆ ಮೂವತ್ತನ್ನೇ ಕೊಟ್ಟರೂ ಉಳಿದ ಹದಿನಾಲ್ಕು ಸಾವಿರದಲ್ಲಿ ನಾಲ್ಕು ಜೀವಗಳು ಬದುಕಲಾರವು. ಆದಕಾರಣ ಕೊಟ್ಟುದೆಷ್ಟೆಂಬುದಕ್ಕಿಂತ ಕೊಟ್ಟಮೇಲೆ ಉಳಿದುದೆಷ್ಟೆಂಬುದನ್ನು ನೋಡುವುದೇ ಗೃಹಸ್ಥನಿಗೆ ವಿಹಿತವಾದ ಕ್ರಮ. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು ನಿಜ. ಆದರೆ ಅವರು ಹೇಳಿದ ಹಾಸಿಗೆ ಅವರವರದೇ ಆಗಿದ್ದಿತು. ಇಲ್ಲಿ ಹಾಸಿಗೆ ಪರರದು. ಅದರ ಉದ್ದವನ್ನು ಗೊತ್ತುಮಾಡುವವರೂ ಪರರೇ.

ಇನ್ನು ಮನೆಯ ಯಜಮಾನರನ್ನೆಲ್ಲ ಲೋಭಿಗಳೆಂದು ಬೈದುಬಿಡುವುದು ಸುಲಭ, ಬೈಯುವವರೂ ಅನೇಕರು. ಆದರೆ ಅವರ ಪಕ್ಕದ ಲೆಕ್ಕವನ್ನೂ ನೋಡಬೇಕಲ್ಲವೆ? ಇಪ್ಪತ್ತೈದು ಸಾವಿರ ಬಾಡಿಗೆ ಬರುವ ಮನೆಯ ಬೆಲೆ ಒಂದು ಕೋಟಿಯೆಂದು ಎಣಿಸಿರಿ. ವರ್ಷಕ್ಕೆ ಬಂದುದು ಮೂರು ಲಕ್ಷ, ಎಂದರೆ ನೂರಕ್ಕೆ ಮೂರು. ಅದರಲ್ಲಿ ಆಸ್ತಿತೆರಿಗೆ, ರಿಪೇರಿ, ಮನೆ ಖಾಲಿಬಿದ್ದ ತಿಂಗಳುಗಳ ನಷ್ಟ, ಎಲ್ಲವೂ ಕಳೆಯತಕ್ಕದ್ದು. ಅದೇ ಕೋಟಿಯನ್ನು ಬ್ಯಾಂಕಿನಲ್ಲಿ ನೂರಕ್ಕೆ ಆರರಂತೆ ಠೇವಣಿಯಿಟ್ಟರೆ ಆರು ಲಕ್ಷ ಬರುತ್ತದೆ. ಕೊಡುವವನಿಗೆ ಬೆನ್ನು ಮುರಿಯುವಷ್ಟು ಭಾರವಾದ ಬಾಡಿಗೆಯೇ ಪಡೆಯುವವನಿಗೆ ಬಡ್ಡಿಗಿಂತ ಕಡಿಮೆಯಾಗಿರುವುದು! ಇದು ವಿಚಿತ್ರವಾಗಿ ಕಂಡರೂ ಸತ್ಯವಾದ ಸಂಗತಿ. ಬೆಂಗಳೂರಿನಲ್ಲಿ ಮೇಲಂತಸ್ತಿನ ಬಾಡಿಗೆಯನ್ನೇ ನಿವೃತ್ತಿವೇತನದಂತೆ ನಂಬಿಕೊಂಡು ಕೆಳಗಿನ ಮನೆಯಲ್ಲಿ ಕಾಲಕಳೆಯುತ್ತಿರುವ ವೃದ್ಧ ದಂಪತಿಗಳು ಬೀದಿಗೆ ಹತ್ತು ಮನೆ ಸಿಕ್ಕುವರು. ಅವರನ್ನು ಧನಪಿಶಾಚಿಗಳೆಂದರೆ ನಾಲಗೆಗೆ ದೋಷ ತಗಲೀತು. ಹಾಗಾದರೆ ಹಣ ಎಲ್ಲಿಗೆ ಹೋಯಿತು? ನೆಲಕ್ಕೆ ಹೋಯಿತು. ಗೋಡೆ ಕಂಬಗಳ ಬೆಲೆಯನ್ನು ಹೇಗಾದರೂ ಹೊರಬಹುದು. ಅವು ನಿಂತಿರುವ ಮೂವತ್ತು ನಲವತ್ತಡಿ ಮಣ್ಣಿನ ಬೆಲೆಯನ್ನು ಹೊರುವುದು ಅಸಾಧ್ಯವಾಗಿದೆ. ಯಜಮಾನನು ಈ ಹೊತ್ತಿನ ಬಾಡಿಗೆಯನ್ನು ನೋಡಿಕೊಂಡು ಮನೆಯನ್ನು ಇಟ್ಟುಕೊಂಡಿಲ್ಲ. ನಾಳೆ ಮಣ್ಣಿನ ಬೆಲೆ ಇನ್ನೂ ಏರೀತೆಂದು ಇಟ್ಟುಕೊಂಡಿದ್ದಾನೆ.

ನಗರವು ಬೆಳೆದ ಬಗೆಯನ್ನು ಸ್ವಲ್ಪ ಸ್ಮರಿಸಿಕೊಂಡರೆ ಇದು ಸ್ಪಷ್ಟವಾಗುವುದು. ೧೮೯೮ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ ಮಲ್ಲೇಶ್ವರಗಳೆಂಬ ಬಡಾವಣೆಗಳನ್ನು ಸಂಸ್ಥಾನದ ಸರ್ಕಾರವು ಏರ್ಪಡಿಸಿತು. ೧೯೪೧ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆ ೧೯೫೧ರಲ್ಲಿ ಏಳೂಮುಕ್ಕಾಲು ಲಕ್ಷವನ್ನು ಮುಟ್ಟಿತು. ೧೯೪೫ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡೂ, ೧೯೭೬ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಹುಟ್ಟಿದುವು. ಇವು ನಿವೇಶನಗಳನ್ನು ಹಂಚಿದುವು. ಹಂಚಿಕೆಯಲ್ಲಿ ಪಾಲು ಸಿಕ್ಕಿದ ನೌಕರನು ಬದುಕಿಕೊಂಡ. ಸಿಕ್ಕದವನು ಅವನಿಗೆ ಒಕ್ಕಲಾದ. ಅದರ ಜೊತೆಗೆ ಆ ಕಾಲದಲ್ಲಿ ಇನ್ನೊಂದು ಪದ್ಧತಿಯಿದ್ದಿತು. ವಿಮಾನ ಕಾರ್ಖಾನೆ, ೧೯೪೮ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆ, ೧೯೫೩ರ ಗಡಿಯಾರ ಯಂತ್ರಗಳ ಎಚ್.ಎಂ.ಟಿ., ೧೯೫೪ರ ಬಿ.ಇ.ಎಲ್. ಇವು ತಮ್ಮ ಕೆಲಸಗಾರರಿಗೆಂದು ಮನೆಗಳ ಕಾಲೊನಿಗಳನ್ನು ಕಟ್ಟಿಸಿದುವು. ಕೆಲಸ ಕೊಟ್ಟವನು ತಲೆಯ ಮೇಲೊಂದು ಸೂರನ್ನೂ ಕೊಡಬೇಕೆಂಬ ಭಾವನೆ ಆಗ ಇದ್ದಿತು. ತರುವಾಯ ಬಂದ ತಂತ್ರಾಂಶದ ಕಂಪೆನಿಗಳು ಕನ್ನಡಿಯ ಅರಮನೆಗಳನ್ನು ಕಚೇರಿಗಳಿಗಾಗಿ ಕಟ್ಟಿಕೊಂಡುವೇ ಹೊರತು, ನೌಕರರ ವಸತಿಯ ಚಿಂತೆಯನ್ನು ಬಹುಮಟ್ಟಿಗೆ ಅವರಿಗೇ ಬಿಟ್ಟುವು. ೨೦೧೧ರ ಜನಗಣತಿಯಲ್ಲಿ ನಗರದ ಜನ ೮೫ ಲಕ್ಷ. ೨೦೨೦ರ ಮಹಾಮಾರಿಯ ಸಮಯದಲ್ಲಿ ಜನ ಊರುಗಳಿಗೆ ಹಿಂದಿರುಗಿದಾಗ ಬೀದಿಬೀದಿಗಳಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕಗಳು ತೂಗಿದ್ದುವು. ೨೦೨೨ರಲ್ಲಿ ಕಚೇರಿಗಳು ಮತ್ತೆ ಕರೆದವು, ಎಲ್ಲರೂ ಒಟ್ಟಿಗೆ ಬಂದರು, ಬಾಡಿಗೆ ಜಿಗಿಯಿತು.

ಹಿಂದೆ ಬಡ ಗುಮಾಸ್ತೆಗೂ ಉಪಾಧ್ಯಾಯನಿಗೂ ವಠಾರಗಳಿದ್ದುವು. ನಾವು ಬಾಲ್ಯದಲ್ಲಿ ಚಾಮರಾಜಪೇಟೆಯ ಒಂದು ವಠಾರದಲ್ಲಿಯೇ ಬೆಳೆದವರು. ಎಂಟು ಸಂಸಾರ, ಒಂದು ನಲ್ಲಿ, ಹಿಂದುಗಡೆ ಎರಡು ಕಕ್ಕಸು. ಬೆಳಗಿನ ಜಾವ ನಾಲ್ಕು ಗಂಟೆಗೆ ಕೊಡಗಳ ಸಾಲು ಆರಂಭವಾಗುತ್ತಿದ್ದಿತು. ಒಬ್ಬರ ಮನೆಯ ಒಗ್ಗರಣೆ ಎಂಟು ಮನೆಗೂ ತಿಳಿಯುತ್ತಿದ್ದಿತು. ಒಬ್ಬರ ಜಗಳವೂ ಹಾಗೆಯೇ. ಅದನ್ನು ಸ್ವರ್ಗವೆಂದು ವರ್ಣಿಸುವವರು ಅಲ್ಲಿ ಸರತಿಗಾಗಿ ಕಾದವರಲ್ಲ. ಆದರೆ ಸಣ್ಣ ಸಂಬಳಕ್ಕೆ ಸಣ್ಣ ಮನೆಯೊಂದು ಇದ್ದಿತೆಂಬುದು ಮಾತ್ರ ದಿಟ. ಆ ವಠಾರಗಳನ್ನು ಕೆಡವಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದರು. ಒಂಟಿ ಹುಡುಗ ಹುಡುಗಿಯರಿಗೆ ಒಂದೊಂದು ಮಂಚದ ಲೆಕ್ಕದಲ್ಲಿ ಪೇಯಿಂಗ್ ಗೆಸ್ಟ್ ಮನೆಗಳಾದುವು. ಹೆಂಡತಿ, ಒಂದು ಮಗು, ಒಬ್ಬ ಮುದಿ ತಾಯಿ ಇರುವ ಸಾಧಾರಣ ಸಂಸಾರಿಗೆ ಏಣಿಯ ಕೆಳಗಿನ ಮೆಟ್ಟಿಲುಗಳೇ ಇಲ್ಲದಂತಾಯಿತು.

ಕೇಳತಕ್ಕವರಾರೂ ಇಲ್ಲವೆ ಎಂಬ ಎರಡನೆಯ ಪ್ರಶ್ನೆಗೆ ಬರೋಣ. ಕಾನೂನೇನೋ ಉಂಟು. ೧೯೬೧ರ ಬಾಡಿಗೆ ನಿಯಂತ್ರಣದ ಕಾಯಿದೆಯನ್ನು ತೆಗೆದು ೧೯೯೯ರ ಕರ್ನಾಟಕ ಬಾಡಿಗೆ ಅಧಿನಿಯಮವನ್ನು ತಂದರು; ಅದು ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದಿತು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸದೆಂದು ಅದರಲ್ಲಿಯೇ ಎಲ್ಲೆಯನ್ನು ಹಾಕಿತ್ತು. ಆ ಮೊತ್ತಕ್ಕೆ ಒಂದು ಸಂಸಾರದ ಮನೆ ಈ ನಗರದಲ್ಲಿ ಎಲ್ಲಿ ಸಿಕ್ಕೀತು? ಮಳೆಗಾಲದಲ್ಲಿ ಮೊಣಕಾಲವರೆಗೆ ಮಾತ್ರ ಹಿಡಿಯುವ ಕೊಡೆಯಂತೆ ಆ ರಕ್ಷಣೆ. ಉಳಿದವರೆಲ್ಲ ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಗೂ, ತಾವು ಸಹಿಹಾಕಿದ ಕಾಗದಕ್ಕೂ ಒಳಪಟ್ಟವರು. ಆ ಕಾಗದವು ಹನ್ನೊಂದು ತಿಂಗಳಿಗೇ ಏಕಿರುವುದೆಂದು ಅನೇಕರು ಕೇಳುವುದುಂಟು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ೧೯೦೮ರ ನೋಂದಣಿ ಕಾಯಿದೆ ಹೇಳುವುದು. ಆ ವೆಚ್ಚ ತೊಡಕುಗಳನ್ನು ತಪ್ಪಿಸಿಕೊಳ್ಳಲು ಕಂಡುಕೊಂಡ ಉಪಾಯವೇ ಈ ಹನ್ನೊಂದು. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಮುಗಿಸಲು, ಬೇರೆ ಕರಾರಿಲ್ಲದಿದ್ದರೆ, ಹದಿನೈದು ದಿನಗಳ ನೋಟೀಸು ಸಾಕು. ಮಕ್ಕಳ ಪರೀಕ್ಷೆಯ ನಡುವೆ ಹದಿನೈದು ದಿನಗಳಲ್ಲಿ ಮನೆ ಹುಡುಕುವ ಪಾಡನ್ನು ಕಾಯಿದೆ ಬರೆದವರು ಅನುಭವಿಸಿರಲಾರರು.

ಹಾಗಾದರೆ ಸರ್ಕಾರವು ಬಾಡಿಗೆಯನ್ನೇ ಏರದಂತೆ ಕಟ್ಟಿಹಾಕಿದರೆ? ಇದನ್ನು ಬೊಂಬಾಯಿಯವರು ಮಾಡಿ ನೋಡಿದರು. ೧೯೪೭ರ ಅಲ್ಲಿನ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು ೧೯೪೦ರ ಸೆಪ್ಟೆಂಬರ್ ಒಂದನೆಯ ತಾರೀಖಿನ ಮಟ್ಟದಲ್ಲಿ ನಿಲ್ಲಿಸಿತು. ಒಕ್ಕಲುಗಳು ಸಂತೋಷಪಟ್ಟರು. ಆದರೆ ಆ ಬಾಡಿಗೆಯಿಂದ ಒಂದು ಮೆಟ್ಟಿಲನ್ನು ರಿಪೇರಿ ಮಾಡುವುದಕ್ಕೂ ಸಾಲದಾಗಿ ಯಜಮಾನರು ಕೈಬಿಟ್ಟರು, ಕಟ್ಟಡಗಳು ಶಿಥಿಲವಾದುವು, ೧೯೬೯ರಲ್ಲಿ ರಿಪೇರಿಗೆಂದೇ ಒಂದು ಮಂಡಲಿಯನ್ನು ಶಾಸನದಿಂದ ಏರ್ಪಡಿಸಬೇಕಾಯಿತು. ಹೊಸಬನು ಒಳಗೆ ಬರಬೇಕಾದರೆ ಪಗಡಿಯೆಂಬ ಗುಪ್ತವಾದ ದೊಡ್ಡ ಗಂಟನ್ನು ತೆರಬೇಕಾಯಿತು. ಕೊನೆಗೆ ೧೯೯೭ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಜಡವಾದ ಬಾಡಿಗೆಯ ಕಟ್ಟಳೆಯು ಕಾಲಗತಿಯಲ್ಲಿ ನ್ಯಾಯವಿರುದ್ಧವಾಗಿದೆಯೆಂದು ಹೇಳಿತು. ೧೯೯೯ರ ಮಹಾರಾಷ್ಟ್ರದ ಹೊಸ ಕಾಯಿದೆಯಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ಏರಿಕೆಗೆ ಅವಕಾಶ ಬಂದಿತು. ಒಳಗಿದ್ದವನಿಗೆ ಅಮೃತವಾದುದು ಹೊರಗಿದ್ದವನಿಗೆ ವಿಷವಾಯಿತೆಂಬುದೇ ಆ ಕಥೆ. ನಿಯಂತ್ರಣವೇ ಕೂಡದೆಂದು ನಾವು ಹೇಳುವುದಿಲ್ಲ. ಬಾಡಿಗೆಯ ಮೊತ್ತವನ್ನು ಕಟ್ಟುವುದಕ್ಕಿಂತ ಏರಿಕೆಯ ವೇಗವನ್ನೂ ಮುಂಗಡದ ಭಾರವನ್ನೂ ಹಿಡಿತದಲ್ಲಿಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಮುಂಗಡದ ವಿಷಯದಲ್ಲಿ ನಮಗೆ ಸಹನೆ ಕಡಿಮೆ. ಬಾಡಿಗೆ ಬಾಕಿ ನಿಂತರೆ, ಕಿಟಕಿಯ ಗಾಜು ಒಡೆದರೆ ಯಜಮಾನನಿಗೆ ನಷ್ಟವಾಗಬಾರದೆಂದು ಎರಡು ಮೂರು ತಿಂಗಳ ಹಣವನ್ನು ಇಟ್ಟುಕೊಳ್ಳುವುದು ನ್ಯಾಯ. ಹತ್ತು ತಿಂಗಳದೇತಕ್ಕೆ? ಅದು ಭದ್ರತೆಯಲ್ಲ, ಬಡ್ಡಿಯಿಲ್ಲದ ಸಾಲ. ೨೦೨೧ರ ಜೂನ್ ತಿಂಗಳಲ್ಲಿ ಕೇಂದ್ರದ ಸಚಿವಸಂಪುಟವು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗೆ ಮೀರಿದ ಮುಂಗಡ ಕೂಡದೆಂದು ಬರೆದಿದೆ. ಆದರೆ ಅದು ಮಾದರಿ ಮಾತ್ರ. ಯಾವ ರಾಜ್ಯವು ಅದನ್ನು ತನ್ನ ಕಾಯಿದೆಯಾಗಿ ಮಾಡಿಕೊಳ್ಳುವುದೋ ಅಲ್ಲಿ ಮಾತ್ರ ನಡೆಯುವುದು. ಬೆಂಗಳೂರಿನಲ್ಲಿಯೂ ಈಚೆಗೆ ಐದು ಆರು ತಿಂಗಳಿಗೆ ಒಪ್ಪುವ ಯಜಮಾನರಿದ್ದಾರೆ. ಬಾಯಿ ಬಿಟ್ಟು ಕೇಳಬೇಕು. ಸುಣ್ಣಬಣ್ಣದ ಮಾತೂ ಹೀಗೆಯೇ. ೧೮೮೨ರ ಕಾಯಿದೆಯ ೧೦೮ನೆಯ ಕಲಮು, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕೆಂದು ಹೇಳುತ್ತ, ಸಹಜವಾದ ಸವಕಳಿಯನ್ನು ಹೊರಗಿಟ್ಟಿರುವುದು. ಐದು ವರ್ಷದಲ್ಲಿ ಬಣ್ಣ ಮಾಸುವುದು ಕಾಲಪುರುಷನ ಕೆಲಸ, ಒಕ್ಕಲಿನದಲ್ಲ. ಆದರೂ ಕರಾರಿನಲ್ಲಿ ಒಂದು ತಿಂಗಳ ಬಾಡಿಗೆಯೆಂದು ಬರೆದು ಸಹಿಹಾಕಿದ ಮೇಲೆ ವಾದಕ್ಕೆ ಬಲವಿಲ್ಲ. ನಮ್ಮ ಬಂಧುವೊಬ್ಬಳು, ವಿಧವೆ, ಮನೆ ಬಿಡುವಾಗ ಬಣ್ಣಕ್ಕೊಂದು ತಿಂಗಳು, ಗೋಡೆಯ ಮೊಳೆಗಳಿಗೆಂದು ಇನ್ನೊಂದು ತಿಂಗಳು ಕಳೆದುಕೊಂಡಳು. ಮೊಳೆಗಳು ಹನ್ನೊಂದು, ಆಕೆಯ ಗಂಡನ ಪಟವೂ ಅವುಗಳಲ್ಲೊಂದಕ್ಕೆ ತೂಗುಹಾಕಿದ್ದಿತು. ಮುಂದಿನ ಮನೆಯ ಮುಂಗಡಕ್ಕೆ ಆಕೆ ಅಣ್ಣನ ಮುಂದೆ ಕೈಯೊಡ್ಡಬೇಕಾಯಿತು.

ಬಾಡಿಗೆಯೇ ಇಲ್ಲದೆ, ಎಂಟು ಹತ್ತು ಲಕ್ಷವನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ವಾಸಮಾಡಿ, ಬಿಡುವಾಗ ಅಷ್ಟನ್ನೂ ಹಿಂದಕ್ಕೆ ಪಡೆಯುವ ಭೋಗ್ಯದ ಪದ್ಧತಿಯೂ ಬೆಂಗಳೂರಿನಲ್ಲಿ ಬಹಳವಾಗಿ ಉಂಟು. ಮಾತು ಹಳೆಯದು. ಅಡವಿನಲ್ಲಿ ಕಾಪಾಡತಕ್ಕ ಗೋಪ್ಯವೆಂದೂ ಅನುಭವಿಸತಕ್ಕ ಭೋಗ್ಯವೆಂದೂ ಎರಡು ಬಗೆಯನ್ನು ಸ್ಮೃತಿಕಾರರು ಹೇಳಿದ್ದಾರೆ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿರುವನು. ಮನೆಯ ಭೋಗವೇ ಹಣದ ಬಡ್ಡಿ. ಇದು ಕೇಳುವುದಕ್ಕೆ ಹಿತವಾದರೂ ಅಪಾಯವಿರುವುದು. ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಒತ್ತೆಯಿಟ್ಟಿದ್ದು ಯಜಮಾನನು ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಾಗಿಲಿಗೆ ಬೀಗ ಹಾಕುವರು. ಒಕ್ಕಲಿನ ಹತ್ತು ಲಕ್ಷ ಗಾಳಿಗೆ ಹೋಗುವುದು. ದಕ್ಷಿಣ ಕೊರಿಯಾ ದೇಶದಲ್ಲಿ ಜಾನ್ಸೆಯೆಂಬ ಇಂಥದೇ ಪದ್ಧತಿಯಿದ್ದು, ಅಲ್ಲಿ ಸಾವಿರಾರು ಯುವಕರು ಠೇವಣಿಯನ್ನು ಕಳೆದುಕೊಂಡುದರಿಂದ ೨೦೨೩ರಲ್ಲಿ ವಿಶೇಷ ಶಾಸನವನ್ನೇ ಮಾಡಬೇಕಾಯಿತು. ಭೋಗ್ಯಕ್ಕೆ ಹೋಗುವವರು ಉಪನೋಂದಣಿ ಕಚೇರಿಯಿಂದ ಋಣಭಾರದ ಪತ್ರವನ್ನು ತೆಗೆಸಿ ನೋಡದೆ, ಕರಾರನ್ನು ನೋಂದಾಯಿಸದೆ, ಒಂದು ಕಾಸನ್ನೂ ಕೊಡಬಾರದು.

ಪ್ರಾಚೀನರ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆಯ ಬಾಡಿಗೆಯ ವಿಚಾರವಿದೆ. ಬಾಡಿಗೆಗೆ ಅಲ್ಲಿ ಅವಕ್ರಯವೆಂದು ಹೆಸರು. ಬಾಡಿಗೆ ಕೊಡುತ್ತಿರುವವನನ್ನು ಹೊರಡಿಸಿದ ಯಜಮಾನನಿಗೆ ಹನ್ನೆರಡು ಪಣ ದಂಡ. ಹೋಗೆಂದ ಮೇಲೂ ಹೋಗದೆ ಕುಳಿತವನಿಗೂ ಅಷ್ಟೇ. ಬೈಗುಳ ಹೊಡೆದಾಟ, ಕಳವು, ಬಲಾತ್ಕಾರ, ವ್ಯಭಿಚಾರ, ಸುಳ್ಳು ಅನುಭವ ಇವುಗಳಿದ್ದರೆ ಮಾತ್ರ ಹೊರಡಿಸಬಹುದು. ತಾನಾಗಿಯೇ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಕೊಡತಕ್ಕದ್ದು. ನಾರದಸ್ಮೃತಿಯಲ್ಲಿಯೂ ಒಂದು ಸೊಗಸಾದ ನಿಯಮವುಂಟು: ಪರರ ನೆಲದಲ್ಲಿ ಬಾಡಿಗೆ ತೆತ್ತು ಮನೆ ಕಟ್ಟಿಕೊಂಡವನು ಬಿಡುವಾಗ ತಾನು ತಂದ ಹುಲ್ಲು, ಮರ, ಇಟ್ಟಿಗೆಗಳನ್ನು ಕೊಂಡೊಯ್ಯಬಹುದು. ಇವೆಲ್ಲ ಆ ಕಾಲದಲ್ಲಿ ಎಷ್ಟುಮಟ್ಟಿಗೆ ಆಚರಣೆಯಲ್ಲಿದ್ದುವೋ ಹೇಳಲು ನಮಗೆ ಧೈರ್ಯವಿಲ್ಲ. ಆದರೆ ಒಂದನ್ನು ಗಮನಿಸಿರಿ: ಕೌಟಿಲ್ಯನು ಹೊರಡಿಸಬಹುದೆಂದು ಹೇಳಿದ ಕಾರಣಗಳಲ್ಲಿ ಒಕ್ಕಲಿನ ಕುಲಗೋತ್ರಗಳಾಗಲಿ ಅಡುಗೆಮನೆಯ ವಾಸನೆಯಾಗಲಿ ಇಲ್ಲ. ಈಗ ಬೆಂಗಳೂರಿನಲ್ಲಿ ಬಾಡಿಗೆಯ ಮೊತ್ತವನ್ನು ಹೇಳುವುದಕ್ಕೆ ಮೊದಲು ‘ನೀವು ಯಾವ ಜನ?’ ಎಂದು ಕೇಳುವರು. ಮಾಂಸಾಹಾರಿಗಳಿಗೆ ಇಲ್ಲ, ಬ್ರಹ್ಮಚಾರಿಗಳಿಗೆ ಇಲ್ಲ, ಅನ್ಯಮತೀಯರಿಗೆ ಇಲ್ಲ, ಒಂಟಿ ಹೆಂಗಸಿಗೆ ಇಲ್ಲ. ಹೀಗೆ ಬಾಗಿಲು ಮುಚ್ಚಿಸಿಕೊಂಡವನು ಸಿಕ್ಕಿದ ಒಂದು ಮನೆಗೆ ಕೇಳಿದಷ್ಟನ್ನು ಕೊಡದೆ ಗತಿಯಿಲ್ಲ; ಅಂಥವನ ಬಾಡಿಗೆ ಇತರರದಕ್ಕಿಂತ ಹೆಚ್ಚಾಗಿಯೇ ಇರುವುದು. ತನ್ನ ಪೂಜೆಯ ಮಡಿಯನ್ನು ತನ್ನ ಹೊಸಿಲಿನೊಳಗೆ ಇಟ್ಟುಕೊಳ್ಳುವುದು ಯಾರಿಗೂ ಅಡ್ಡಿಯಿಲ್ಲ. ಬಾಡಿಗೆ ತೆತ್ತ ಇನ್ನೊಬ್ಬರ ಒಲೆಯ ಮೇಲೆ ಅದನ್ನು ಹೇರುವುದು ಧರ್ಮವೆಂದು ನಾವು ಓದಿದ ಯಾವ ಗ್ರಂಥದಲ್ಲಿಯೂ ಕಂಡುದಿಲ್ಲ.

ಇನ್ನು ಕೊಂಡುಬಿಡುವ ಪ್ರಶ್ನೆ. ಬಾಡಿಗೆ ತೆರುವುದು ನೀರಿನಲ್ಲಿ ಹೋಮಮಾಡಿದಂತೆ ಎಂದು ನಮ್ಮವರ ನಂಬಿಕೆ. ಒಂದು ಕೋಟಿಯ ಮನೆಗೆ ಬ್ಯಾಂಕು ೭೫ ಲಕ್ಷ ಕೊಟ್ಟೀತು. ೨೫ ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ನೋಂದಣಿಗಳ ವೆಚ್ಚ ಬೇರೆ. ನೂರಕ್ಕೆ ಎಂಟೂವರೆಯ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು ೬೫,೦೦೦. ಅದೇ ಮನೆ ೨೫,೦೦೦ಕ್ಕೆ ಬಾಡಿಗೆಗೆ ದೊರೆಯುತ್ತಿರುವಾಗ, ೪೮,೦೦೦ ಸಂಬಳದವನು ಈ ಮಾತನ್ನು ಮರೆತುಬಿಡುವುದು ಕ್ಷೇಮ. ಊರಿನ ತೋಟವನ್ನು ಮಾರಿ ಕೊಡಿಸುವ ಯೋಚನೆ ನಮ್ಮ ವಾಚಕರಿಗೆ ಬಂದಿರುವಂತೆ ಪತ್ರದ ಕೊನೆಯಲ್ಲಿ ಸೂಚನೆಯಿದೆ. ಬೇಡವೆಂದೇ ನಮ್ಮ ಸಲಹೆ.

ಹಾಗಾದರೆ ಮಾಡತಕ್ಕದ್ದೇನು? ಚೊಚ್ಚಲ ಹೆರಿಗೆಗೆ ಸೊಸೆ ಏಳನೆಯ ತಿಂಗಳಲ್ಲಿ ತವರಿಗೆ ಹೋಗುವುದು ನಮ್ಮಲ್ಲಿ ರೂಢಿಯಷ್ಟೆ. ಬಾಣಂತನ ಮುಗಿಸಿ ಬರುವುದಕ್ಕೆ ಐದಾರು ತಿಂಗಳಾದರೂ ಆಗುವುದು. ಅದುವರೆಗೆ ಎರಡು ಕೋಣೆಯ ಮನೆ ಯಾರಿಗಾಗಿ? ಆಕೆ ಈಗಲೇ ಹಾಸನದಲ್ಲಿ ಅತ್ತೆಯ ಬಳಿ ಇದ್ದು, ಹುಡುಗನು ಇಬ್ಬರು ಸ್ನೇಹಿತರೊಡನೆ ಒಂದು ಕೋಣೆಯಲ್ಲಿ ಏಳೆಂಟು ತಿಂಗಳು ಕಳೆದರೆ, ಮುಂಗಡದ ಹಣದ ಬಹುಭಾಗವನ್ನು ಸಂಬಳದಿಂದಲೇ ಕೂಡಿಸಬಹುದು. ಮನೆಯಾಕೆಯ ಬಳೆಗಳು ಸೀಮಂತದ ದಿನ ಆಕೆಯ ಕೈಯಲ್ಲಿಯೇ ಇದ್ದಾವು. ತರುವಾಯ ನಗರದ ನಡುವನ್ನು ಬಿಟ್ಟು ಕೆಂಗೇರಿಯ ಕಡೆಯೋ ಬೊಮ್ಮಸಂದ್ರದ ಕಡೆಯೋ ೧೫,೦೦೦ದ ಒಂದು ಕೋಣೆಯ ಮನೆಯನ್ನು ಆರು ತಿಂಗಳ ಮುಂಗಡಕ್ಕೆ ಹುಡುಕಲಿ. ೯೦,೦೦೦ಕ್ಕೆ ಬಡ್ಡಿ ತಿಂಗಳಿಗೆ ೬೭೫, ಬಣ್ಣಕ್ಕೂ ದಳ್ಳಾಳಿಗೂ ೧,೨೫೦, ನಿರ್ವಹಣೆಗೆ ೧,೦೦೦, ಮೆಟ್ರೋ ರೈಲಿಗೆ ೩,೦೦೦ ಎಂದಿಟ್ಟುಕೊಂಡರೂ ಒಟ್ಟು ೨೦,೯೨೫, ಉಳಿಕೆ ೨೭,೦೭೫. ಮೊದಲಿನ ಲೆಕ್ಕಕ್ಕಿಂತ ಹತ್ತು ಸಾವಿರ ಹೆಚ್ಚು. ೨೦೨೩ರ ಅಕ್ಟೋಬರಿನಿಂದ ಕೆಂಗೇರಿಯ ಆಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೂ, ೨೦೨೫ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೂ ಮೆಟ್ರೋ ಓಡುತ್ತಿರುವುದು. ಆದರೆ ೨೦೨೫ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರವನ್ನು ೬೦ರಿಂದ ೯೦ ರೂಪಾಯಿಗೆ ಏರಿಸಿದುದನ್ನೂ, ನಿಲ್ದಾಣದ ಪಕ್ಕದ ಮನೆಗೆ ಬಾಡಿಗೆ ಕೂಡಲೆ ಏರುವುದನ್ನೂ ಮರೆಯಬಾರದು. ನಿಲ್ದಾಣಕ್ಕೆ ಇಪ್ಪತ್ತು ನಿಮಿಷ ನಡೆಯುವ ದೂರದಲ್ಲಿ ಹುಡುಕುವುದು ಜಾಣತನ. ಮಗುವಿರುವ ಮನೆಯಾದುದರಿಂದ ಹತ್ತಿರದಲ್ಲಿ ಆಸ್ಪತ್ರೆಯಿರುವುದನ್ನು ಮಾತ್ರ ಲಾಭನಷ್ಟದ ಲೆಕ್ಕಕ್ಕೆ ಹಿಡಿಯದೆ ನೋಡಿಕೊಳ್ಳತಕ್ಕದ್ದು.

ನಗರದ ಅಂಚಿನಲ್ಲಿ ಮನೆ ಹಿಡಿಯುವವರು ಮೊದಲು ಕೇಳಬೇಕಾದುದು ಬಾಡಿಗೆಯನ್ನಲ್ಲ, ನೀರನ್ನು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ಬಡಾವಣೆಗಳವರು ಟ್ಯಾಂಕರಿನ ನೀರಿಗೆ ಬಾಯಿಗೆ ಬಂದ ಬೆಲೆಯನ್ನು ತೆತ್ತರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ೧೧೦ ಹಳ್ಳಿಗಳಿಗೆಂದು ಆರಂಭವಾಯಿತಾದರೂ, ನಿಮ್ಮ ಬೀದಿಯ ಕೊಳವೆಯಲ್ಲಿ ಅದು ಹರಿಯುತ್ತಿದೆಯೆ ಎಂಬುದನ್ನು ಯಜಮಾನನ ಬಾಯಿಂದಲ್ಲ, ಪಕ್ಕದ ಮನೆಯ ಹೆಂಗಸಿನ ಬಾಯಿಂದ ತಿಳಿಯಬೇಕು. ಟ್ಯಾಂಕರಿನ ಹಣ ಯಾರದೆಂಬುದನ್ನು ಕರಾರಿನಲ್ಲಿ ಬರೆಯಿಸಿರಿ. ವರ್ಷಕ್ಕೆ ಏರಿಕೆ ನೂರಕ್ಕೆ ಎಷ್ಟು, ಬಣ್ಣಕ್ಕೆ ಎಷ್ಟು, ಮನೆ ಬಿಟ್ಟು ಎಷ್ಟು ದಿನಗಳೊಳಗೆ ಮುಂಗಡ ಹಿಂದಿರುಗಬೇಕು, ನೋಟೀಸು ಇಬ್ಬರಿಗೂ ಎಷ್ಟು ತಿಂಗಳು, ಈ ನಾಲ್ಕೂ ಅಕ್ಷರಗಳಲ್ಲಿ ಇರಲಿ. ಮುಂಗಡವನ್ನೂ ಬಾಡಿಗೆಯನ್ನೂ ಬ್ಯಾಂಕಿನ ಮೂಲಕವೇ ಕೊಡಿರಿ. ಸಾಮಾನು ಇಳಿಸುವ ಮೊದಲು ಪ್ರತಿಯೊಂದು ಗೋಡೆಯ, ನಲ್ಲಿಯ, ಬಾಗಿಲಿನ ಚಿತ್ರವನ್ನು ದೂರವಾಣಿಯಲ್ಲಿ ತೆಗೆದು, ಮೊದಲೇ ಇದ್ದ ಮೊಳೆಗಳ ಸಹಿತ, ಯಜಮಾನನಿಗೇ ಕಳುಹಿಸಿಬಿಡಿರಿ. ವಿದ್ಯುತ್ ಮೀಟರಿನ ಅಂಕಿಯನ್ನೂ ಆ ದಿನವೇ ಬರೆದಿಟ್ಟುಕೊಳ್ಳಿರಿ. ಹಿಂದಿನ ಒಕ್ಕಲಿನ ಬಾಕಿಯನ್ನು ತಾವು ತೆತ್ತವರು ಬೆಂಗಳೂರಿನಲ್ಲಿ ಒಬ್ಬಿಬ್ಬರಲ್ಲ.